ಇರುವಷ್ಟು ಕಿವಿ ಉಳಿಯಬೇಕಾದರೆ: ಕಾಕ್ಲಿಯರ್ ಇಂಪ್ಲಾಂಟಿಗೆ ಹೊರಟವರ ಮುಂದಿರುವ ದಾರಿಗಳು

"ಆಪರೇಷನ್ ಮಾಡಿಸಿದರೆ ಈಗ ಕೇಳುವಷ್ಟೂ ಹೋಗ್ತದಾ ಮೇಡಂ?"

ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಒಳಕಿವಿಗೆ ತಂತಿ ತೂರಿಸಿ ವಿದ್ಯುತ್ತಿನಿಂದ ಸದ್ದು ಕೇಳಿಸುವ ಸಾಧನ. ಅದರ ಮಾತು ಎತ್ತಿದ ಕೂಡಲೇ ನಮ್ಮ ಕಡೆ ಬರುವ ಮೊದಲ ಪ್ರಶ್ನೆ ಇದು. ದುಡ್ಡಿನ ಪ್ರಶ್ನೆ ಆಮೇಲೆ. ಕಿವಿ ಪರೀಕ್ಷೆಯ ಕೆಲಸದಲ್ಲಿರುವ ನಾನು ಕೊಡುವ ಉತ್ತರ ಚಿಕ್ಕದು. ಹೋಗಬಹುದು. ಹೋಗದ ಹಾಗೆ ನೋಡಿಕೊಳ್ಳಲು ಇವತ್ತು ಒಳ್ಳೆಯ ದಾರಿಗಳು ಉಂಟು. ಆದರೆ "ಏನೂ ಹೋಗುವುದಿಲ್ಲ, ಗ್ಯಾರಂಟಿ" ಅನ್ನುವವರು ಸಿಕ್ಕಿದರೆ ಸ್ವಲ್ಪ ಹುಷಾರಾಗಿರಿ.

ಬಂದವರಲ್ಲಿ ಹೆಚ್ಚಿನವರು ಕೇಳುವುದು ಯಾವ ಕಂಪನಿ ಒಳ್ಳೆಯದು ಅಂತ. ನಾನು ಅವರಿಗೆ ತಿರುಗಿಸಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕಿವಿಯಲ್ಲಿ ಉಳಿದಿರುವುದು ಈಗ ನಿಮಗೆ ಎಷ್ಟು ಉಪಯೋಗಕ್ಕೆ ಬರುತ್ತಿದೆ? ಆಪರೇಷನ್ ಮಾಡಿಸದಿದ್ದರೂ ಅದು ಇನ್ನೆಷ್ಟು ವರ್ಷ ಉಳಿದೀತು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಉಳಿದ ಆಯ್ಕೆಗಳು ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ಉಳಿದಿರುವುದು ಏನು, ಅದರಿಂದ ಏನು ಸಿಗುತ್ತಿದೆ

ನಿಮ್ಮ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ಚಾರ್ಟ್, ತೆಗೆದು ನೋಡಿ. ಎಡಗಡೆ 125, 250, 500 ಹರ್ಟ್ಸ್, ಅಂದರೆ ದಪ್ಪ ಸ್ವರಗಳು. ಬಲಗಡೆ 2000, 4000, 8000, ಅಂದರೆ ಚೂಪು ಸ್ವರಗಳು. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ ಅಂತ ಲೆಕ್ಕ. ಉಳಿದ ಶ್ರವಣದ ಪ್ರಶ್ನೆ ಬರುವುದು ಎಂಥವರಿಗೆ ಅಂದರೆ, ಗೆರೆ ಎಡಗಡೆ ಒಂದು ಮಟ್ಟಕ್ಕೆ ಮೇಲೆ ಇದ್ದು, ಬಲಕ್ಕೆ ಹೋಗುತ್ತಾ ಚಾರ್ಮಾಡಿ ಘಾಟಿ ಇಳಿದ ಹಾಗೆ ಕೆಳಗೆ ಬಿದ್ದಿರುತ್ತದಲ್ಲ, ಅವರಿಗೆ.

ಇವರಿಗೆ ಮಾತು ಕೇಳುತ್ತದೆ, ಅರ್ಥ ಆಗುವುದಿಲ್ಲ. ಮಾತಾಡಿದ್ದು ಗಂಡಸೋ ಹೆಂಗಸೋ, ಸಿಟ್ಟಿನಲ್ಲಿದ್ದಾರೋ ಸಮಾಧಾನದಲ್ಲಿದ್ದಾರೋ ಎಲ್ಲ ಗೊತ್ತಾಗುತ್ತದೆ. ಆ, ಉ, ಓ ಎಲ್ಲ ಸಿಗುತ್ತದೆ. ಸ, ಶ, ತ, ಕ ಸಿಗುವುದಿಲ್ಲ. ಮದುವೆ ಊಟದಲ್ಲಿ ಎಲೆಯ ಮುಂದೆ ಕೂತವರು "ಸಾಕು" ಅಂದರೆ ಬಡಿಸುವವನಿಗೆ "ಹಾಕು" ಅಂತ ಕೇಳಿ ಇನ್ನೊಂದು ಸೌಟು ಪಾಯಸ ಬೀಳುತ್ತದೆ. ಪಂಕ್ತಿಯಲ್ಲಿ ಅದು ತಮಾಷೆ. ಡಾಕ್ಟರು ಮಾತ್ರೆಯ ಲೆಕ್ಕ ಹೇಳುವಾಗ ಅಲ್ಲ.

ಕಿವಿಯ ಒಳಗಿನ ಕಾಕ್ಲಿಯಾ ಎರಡೂವರೆ ಸುತ್ತಿನ ಸುರುಳಿ. ಬಿಚ್ಚಿ ನೆಟ್ಟಗೆ ಇಟ್ಟರೆ ಸುಮಾರು 35 ಮಿಲಿಮೀಟರ್. ಬಾಗಿಲ ಬಳಿ ಚೂಪು ಸ್ವರ ಕೇಳುವ ಜಾಗ, ತುದಿಯ ಒಳಸುತ್ತಿನಲ್ಲಿ ದಪ್ಪ ಸ್ವರದ ಜಾಗ. ಇಂಪ್ಲಾಂಟಿನ ತಂತಿ, ಅಂದರೆ ಇಲೆಕ್ಟ್ರೋಡ್, ಒಳಗೆ ಹೋಗುವುದು ಬಾಗಿಲ ಕಡೆಯಿಂದ. ಅಲ್ಲಿ ಹೇಗೂ ಕೇಳುವ ಶಕ್ತಿ ಹೋಗಿರುತ್ತದೆ. ಹಾಗಾಗಿ ತಂತಿ ಕೆಟ್ಟ ಜಾಗದಲ್ಲಿ ಕೆಲಸ ಮಾಡಲಿ, ತುದಿಯ ಒಳ್ಳೆಯ ಜಾಗ ಹಾಗೆಯೇ ಇರಲಿ ಅನ್ನುವ ಯೋಚನೆ ಹುಟ್ಟಿದ್ದು. ಒಂದೇ ಕಿವಿಗೆ ವಿದ್ಯುತ್ತಿನಿಂದ ಚೂಪು ಸ್ವರ, ಸಾದಾ ಶಬ್ದದಿಂದ ದಪ್ಪ ಸ್ವರ. ಇದನ್ನು 1999ರಲ್ಲಿ ಮೊದಲು ವರದಿ ಮಾಡಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನ ಫಾನ್ ಇಲ್‌ಬರ್ಗ್ ಮತ್ತು ಅವರ ತಂಡ. ಇದರ ಇಂಗ್ಲಿಷ್ ಹೆಸರು ಇಲೆಕ್ಟ್ರಿಕ್ ಅಕೌಸ್ಟಿಕ್ ಸ್ಟಿಮ್ಯುಲೇಶನ್, ಮೊದಲಕ್ಷರ ಹಿಡಿದು ಇಎಎಸ್ ಅನ್ನುತ್ತಾರೆ.

ದಪ್ಪ ಸ್ವರ ಅಷ್ಟೊಂದು ಮುಖ್ಯವಾ ಅಂತ ಕೇಳಬಹುದು. ಮಾತು ಬಿಡಿಸಿಕೊಳ್ಳಲು ಇಂಪ್ಲಾಂಟ್ ಒಂದೇ ಸಾಕಾಗುತ್ತದೆ, ಅದೂ ಸದ್ದಿಲ್ಲದ ಕೋಣೆಯಲ್ಲಿ. ಶ್ರುತಿ, ರಾಗ, ದನಿಯ ಏರಿಳಿತಕ್ಕೆ ಬಂದಾಗ ಅದು ಸೋಲುತ್ತದೆ. ಯಕ್ಷಗಾನಕ್ಕೆ ಹೋದರೆ ಚೆಂಡೆಯ ಪೆಟ್ಟು, ತಾಳ, ಗತಿ ಎಲ್ಲ ಇಂಪ್ಲಾಂಟಿನಲ್ಲಿ ಚೆನ್ನಾಗಿ ಸಿಗುತ್ತದೆ. ಭಾಗವತರು ಯಾವ ರಾಗ ಎತ್ತಿದರು ಅಂತ ಹಿಡಿಯುವುದು ಬಹಳ ಕಷ್ಟ. ಅಲ್ಲಿ 250 ಹರ್ಟ್ಸಿನ ಆಸುಪಾಸಿನಲ್ಲಿ ಉಳಿದಿರುವ ಸ್ವಲ್ಪ ಶ್ರವಣ ತುಂಬ ಕೆಲಸ ಮಾಡುತ್ತದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಪಕ್ಕದವರ ಮಾತು ಹಿಡಿಯುವುದಕ್ಕೂ ಅದು ಬೇಕು. ಎರಡೂ ಕಿವಿಯಲ್ಲಿ ದಪ್ಪ ಸ್ವರ ಉಳಿದರೆ ಸದ್ದು ಯಾವ ಕಡೆಯಿಂದ ಬಂತು ಅಂತ ಅಂದಾಜು ಮಾಡಲೂ ಸುಲಭ.

ಎಲ್ಲ ಉಳಿದ ಶ್ರವಣವೂ ಇಷ್ಟು ಉಪಯೋಗದ್ದಲ್ಲ. 250 ಮತ್ತು 500 ಹರ್ಟ್ಸಿನಲ್ಲಿ ನಿಮ್ಮ ಗೆರೆ ಸುಮಾರು 80 ಡೆಸಿಬೆಲ್‌ಗಿಂತ ಮೇಲಿದ್ದರೆ, ಅಂದರೆ ಅದಕ್ಕಿಂತ ಮೆಲ್ಲಗಿನ ಸದ್ದೂ ಕೇಳುತ್ತಿದ್ದರೆ, ಕಿವಿಯ ಮಿಷನ್ (ಶ್ರವಣ ಸಾಧನ) ಹಾಕಿ ಏನಾದರೂ ಗಿಟ್ಟಿಸಬಹುದು. 95, 100ಕ್ಕೆ ಇಳಿದಿದ್ದರೆ ಆ ಶ್ರವಣ ಚಾರ್ಟಿನ ಮೇಲಷ್ಟೇ ಇರುತ್ತದೆ. ಸದ್ದಿಗಿಂತ ಕಂಪನವೇ ಗೊತ್ತಾಗುವುದು. ಅಷ್ಟಕ್ಕಾಗಿ ಇಂಪ್ಲಾಂಟನ್ನೇ ಮುಂದೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮಿಷನ್ನಿನಲ್ಲೇ ಮುಂದುವರಿಯುವುದು ಅಥವಾ ಇಂಪ್ಲಾಂಟ್

ಮೊದಲ ಹೋಲಿಕೆ ಇದೇ. ಸರಿಯಾಗಿ ಸೆಟ್ ಮಾಡಿದ ಮಿಷನ್ ಹಾಕಿ ನೋಡದೆ ಯಾರೂ ಆಪರೇಷನ್ನಿನ ತೀರ್ಮಾನಕ್ಕೆ ಬರಬಾರದು. ಸರಿಯಾಗಿ ಅಂದರೆ ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಿ, ನಿಮ್ಮ ಆಡಿಯೋಗ್ರಾಂ ಹಾಕಿ ಪ್ರೋಗ್ರಾಂ ಮಾಡಿ, ಕೆಲವು ವಾರ ದಿನವಿಡೀ ಹಾಕಿಕೊಂಡು ನೋಡುವುದು. ಆನ್‌ಲೈನಿನಲ್ಲಿ ತರಿಸಿದ ಸದ್ದು ಏರಿಸುವ ಡಬ್ಬಿ ಇಲ್ಲಿ ಲೆಕ್ಕಕ್ಕಿಲ್ಲ. ಚೂಪು ಸ್ವರವನ್ನು ದಪ್ಪ ಸ್ವರದ ಜಾಗಕ್ಕೆ ಇಳಿಸಿ ಕೊಡುವ ಮಿಷನ್‌ಗಳೂ ಉಂಟು. ಕೆಲವರಿಗೆ ಅದರಿಂದ ಸ, ಶ ಗುರುತಿಸಲು ಸ್ವಲ್ಪ ಸುಲಭವಾಗುತ್ತದೆ. ಕೆಲವರಿಗೆ ಎಲ್ಲ ಕಲಸಿದ ಹಾಗೆ ಅನ್ನಿಸುತ್ತದೆ.

ಮಿಷನ್ ಹಾಕಿದ ಮೇಲೂ ಬಾಯಿ ನೋಡದೆ ಮಾತು ತಿಳಿಯುವುದಿಲ್ಲ, ಫೋನಿನಲ್ಲಿ ಮಾತಾಡಲು ಆಗುವುದಿಲ್ಲ, ಪದಗಳನ್ನು ಹೇಳಿಸುವ ಪರೀಕ್ಷೆಯಲ್ಲಿ ಅರ್ಧವೂ ಸರಿ ಬರುವುದಿಲ್ಲ ಅಂತಾದರೆ ಇಂಪ್ಲಾಂಟಿನ ಕಡೆ ಯೋಚಿಸುವ ಹೊತ್ತು ಬಂತು. ಈ ಪದ ಪರೀಕ್ಷೆಯ ಬಗ್ಗೆ ನಮ್ಮ ಊರಿಗೆ ಬೇಕಾದ ಒಂದು ಮಾತು. ಪರೀಕ್ಷೆಯ ಪದಪಟ್ಟಿ ಸಾಮಾನ್ಯವಾಗಿ ಕನ್ನಡದ್ದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುವ, ಕನ್ನಡ ಅಷ್ಟಾಗಿ ಬಳಸದ ಅಜ್ಜಿಗೆ ಕನ್ನಡ ಪದ ಕೇಳಿಸಿ ನಂಬರ್ ಕೊಟ್ಟರೆ, ಆ ನಂಬರಿನಲ್ಲಿ ಕಿವಿ ಎಷ್ಟು, ಭಾಷೆ ಎಷ್ಟು? ಪರೀಕ್ಷೆಗೆ ಮೊದಲೇ ಮನೆಭಾಷೆ ಯಾವುದು ಅಂತ ಹೇಳಿ. ಅಜ್ಜಿಗೆ ಗೊತ್ತಿರುವ ಪದಗಳಲ್ಲೇ ಒಮ್ಮೆ ನೋಡಲು ಕೇಳಿ.

ಕಾಯುವುದರ ಬೆಲೆಯೂ ಉಂಟು. ಚೂಪು ಸ್ವರ ಇಲ್ಲದೆ ವರ್ಷಗಟ್ಟಲೆ ಕಳೆದರೆ ಮಿದುಳಿಗೆ ಆ ಸದ್ದುಗಳ ರೂಢಿ ತಪ್ಪುತ್ತದೆ. ಆಮೇಲೆ ಇಂಪ್ಲಾಂಟ್ ಹಾಕಿದರೂ ಫಲ ನಿಧಾನ. ಇರುವುದು ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಹತ್ತು ವರ್ಷ ತಳ್ಳಿದವರ ಉಳಿದ ಶ್ರವಣ ಎಷ್ಟೋ ಸಲ ಅಷ್ಟರಲ್ಲಿ ತಾನಾಗಿಯೇ ಹೋಗಿರುತ್ತದೆ.

ಉಳಿದ ಶ್ರವಣ ಹೋಗುವುದು ಯಾಕೆ

ಕಾಕ್ಲಿಯಾದ ಒಳಗೆ ನೀರು ತುಂಬಿದ ಮೂರು ಕಾಲುವೆಗಳು ಒಂದರ ಮೇಲೊಂದು ಇವೆ. ತಂತಿ ಹೋಗಬೇಕಾದದ್ದು ಕೆಳಗಿನದ್ದರಲ್ಲಿ. ಅದರ ಮೇಲೆ ಒಂದು ತೆಳು ಪೊರೆ, ಆ ಪೊರೆಯ ಮೇಲೆ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು. ತಂತಿ ದಾರಿ ತಪ್ಪಿ ಪೊರೆ ಹರಿದು ಮೇಲಿನ ಕಾಲುವೆಗೆ ಹೋದರೆ ಶ್ರವಣ ಅಲ್ಲೇ ಹೋಗುತ್ತದೆ. ರಕ್ತ, ಮೂಳೆಯ ಪುಡಿ ಒಳಗೆ ಬಿದ್ದರೂ ಹಾನಿ.

ಇನ್ನೊಂದು ಬಗೆ ನಿಧಾನದ್ದು. ಆಪರೇಷನ್ ಚೆನ್ನಾಗಿ ಆಗುತ್ತದೆ, ಮೊದಲ ತಿಂಗಳ ಪರೀಕ್ಷೆಯಲ್ಲಿ ಶ್ರವಣ ಹಾಗೆಯೇ ಇರುತ್ತದೆ, ಕೆಲವು ತಿಂಗಳಾದ ಮೇಲೆ ಇಳಿಯಲು ಶುರುವಾಗುತ್ತದೆ. ಹೊರಗಿನ ವಸ್ತು ಬಂದಿದೆ ಅಂತ ದೇಹ ತಂತಿಯ ಸುತ್ತ ನಾರಿನ ಅಂಗಾಂಶ ಕಟ್ಟುತ್ತದೆ. ಉರಿಯೂತ ಇರುತ್ತದೆ, ಕೆಲವೊಮ್ಮೆ ಹೊಸ ಮೂಳೆಯೂ ಬೆಳೆಯುತ್ತದೆ. ಇದನ್ನು ಪೂರ್ತಿ ತಡೆಯುವ ವಿದ್ಯೆ ಇನ್ನೂ ಯಾರ ಕೈಯಲ್ಲೂ ಇಲ್ಲ. ಹಾಗಾಗಿ "ನಮ್ಮಲ್ಲಿ ಶ್ರವಣ ಉಳಿಯುತ್ತದೆ" ಅಂತ ಯಾರಾದರೂ ಹೇಳಿದರೆ, ಯಾವ ಹೊತ್ತಿನ ಪರೀಕ್ಷೆಯ ಲೆಕ್ಕ ಅಂತ ಕೇಳಿ. ಒಂದು ತಿಂಗಳದ್ದಾ, ಒಂದು ವರ್ಷದ್ದಾ?

ಎಷ್ಟು ಉಳಿಯಿತು ಅನ್ನುವುದನ್ನೂ ಕೇಳಬೇಕು. ಹಿಯರಿಂಗ್ ಅನ್ನುವ ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ಮೊದಲಿದ್ದ ಶ್ರವಣದಲ್ಲಿ 75 ಶೇಕಡಾಕ್ಕಿಂತ ಜಾಸ್ತಿ ಉಳಿದರೆ ಪೂರ್ತಿ ಉಳಿದ ಹಾಗೆ. 25ರಿಂದ 75ರೊಳಗೆ ಇದ್ದರೆ ಭಾಗಶಃ. ಅದಕ್ಕಿಂತ ಕಡಿಮೆ ಇದ್ದರೆ ಅತಿ ಕಡಿಮೆ. ಒಬ್ಬರ "ಉಳಿಯಿತು" ಇನ್ನೊಬ್ಬರ ಲೆಕ್ಕದಲ್ಲಿ "ಸ್ವಲ್ಪ ಉಳಿಯಿತು" ಆಗಿರಬಹುದು.

ಗಿಡ್ಡ ತಂತಿ, ಮಧ್ಯಮ, ಉದ್ದ

ದೊಡ್ಡ ಆಯ್ಕೆ ಇರುವುದು ಇಲ್ಲಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಮೂರು: ಆಸ್ಟ್ರೇಲಿಯಾದ ಕಾಕ್ಲಿಯರ್, ಆಸ್ಟ್ರಿಯಾದ ಮೆಡ್-ಎಲ್, ಅಮೆರಿಕಾದ ಅಡ್ವಾನ್ಸ್ಡ್ ಬಯೋನಿಕ್ಸ್. ಮೂರರಲ್ಲೂ ಒಂದಕ್ಕಿಂತ ಜಾಸ್ತಿ ಬಗೆಯ ತಂತಿಗಳು ಇವೆ. ಹಾಗಾಗಿ ಕಂಪನಿ ಆರಿಸಿದರೆ ತಂತಿ ಆರಿಸಿದ ಹಾಗೆ ಆಗಲಿಲ್ಲ.

ಗಿಡ್ಡದರಿಂದ ಶುರು ಮಾಡೋಣ. ಕಾಕ್ಲಿಯರ್ ಕಂಪನಿಯ ಹೈಬ್ರಿಡ್ ಎಲ್24 ಸುಮಾರು 16 ಮಿಲಿಮೀಟರ್, ಮೆಡ್-ಎಲ್‌ನ ಫ್ಲೆಕ್ಸ್20 ಹೆಸರೇ ಹೇಳುವ ಹಾಗೆ 20. ತಂತಿ ದಪ್ಪ ಸ್ವರದ ಜಾಗದ ತನಕ ಹೋಗುವುದೇ ಇಲ್ಲ. ಹಾಗಾದರೆ ಅದಕ್ಕೆ ಹಾನಿ ಹೇಗೆ ಆದೀತು ಅಂತ ಅನ್ನಿಸುತ್ತದೆ ಅಲ್ವಾ? ಲೆಕ್ಕ ಅಷ್ಟು ಸಲೀಸಲ್ಲ. ಎಲ್24ಕ್ಕೆ ಅಮೆರಿಕಾದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಾಗ ಮುಂದಿಟ್ಟ ಅಧ್ಯಯನದಲ್ಲಿ 50 ಜನ ಇದ್ದರು. ಹೆಚ್ಚಿನವರಿಗೆ ಮಾತು ಮೊದಲಿಗಿಂತ ಚೆನ್ನಾಗಿ ತಿಳಿಯತೊಡಗಿತು. ಅದೇ 50ರಲ್ಲಿ 22 ಜನರ ಆ ಕಿವಿಯ ದಪ್ಪ ಸ್ವರ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅವರಲ್ಲಿ 6 ಜನ ಮತ್ತೊಮ್ಮೆ ಆಪರೇಷನ್ ಮಾಡಿಸಿ ಸಾಮಾನ್ಯ ಉದ್ದದ ಇಂಪ್ಲಾಂಟ್ ಹಾಕಿಸಿಕೊಂಡರು.

ಎರಡನೇ ಆಪರೇಷನ್ ಯಾಕೆ ಬೇಕಾಯಿತು ನೋಡಿ. ತಂತಿ ಗಿಡ್ಡ, ಒಳಸುತ್ತಿಗೆ ವಿದ್ಯುತ್ತು ಮುಟ್ಟುವುದಿಲ್ಲ, ಉಳಿದ ಶ್ರವಣವೂ ಹೋಯಿತು. ಈಗ ದಪ್ಪ ಸ್ವರ ಎಲ್ಲಿಂದ ಬರಬೇಕು? ಗಿಡ್ಡ ತಂತಿ ಹಾಕಿಸಿಕೊಳ್ಳುವವರು ತಮ್ಮ ಉಳಿದ ಶ್ರವಣದ ಮೇಲೆ ಪಣ ಕಟ್ಟುತ್ತಿದ್ದಾರೆ. ಆ ಶ್ರವಣ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಆ ಪಣಕ್ಕೆ ಅರ್ಥ.

ಉದ್ದದ್ದು ಇನ್ನೊಂದು ತುದಿ. ಮೆಡ್-ಎಲ್‌ನ ಫ್ಲೆಕ್ಸ್28, 31.5 ಮಿಲಿಮೀಟರಿನ ಫ್ಲೆಕ್ಸ್‌ಸಾಫ್ಟ್ ಈ ಸಾಲಿನವು. ಸುರುಳಿಯ ಹೆಚ್ಚಿನ ಭಾಗಕ್ಕೆ ವಿದ್ಯುತ್ತು ಮುಟ್ಟುತ್ತದೆ. ಉಳಿದ ಶ್ರವಣ ಪೂರ್ತಿ ಹೋದರೂ ದಪ್ಪ ಸ್ವರಕ್ಕೆ ತಂತಿಯೇ ಉಂಟು. ಫ್ಲೆಕ್ಸ್28 ಹಾಕಿಯೂ ಶ್ರವಣ ಉಳಿದವರಿದ್ದಾರೆ. ಆದರೆ ಒಟ್ಟಾರೆ ನೋಡಿದರೆ ಆಳ ಹೋದಷ್ಟೂ ಕಳೆದುಕೊಳ್ಳುವ ಸಂಭವ ಜಾಸ್ತಿ.

ನಡುವಿನವು ಫ್ಲೆಕ್ಸ್24, ಕಾಕ್ಲಿಯರ್‌ನ ಸ್ಲಿಮ್ ಸ್ಟ್ರೇಟ್, ಅಡ್ವಾನ್ಸ್ಡ್ ಬಯೋನಿಕ್ಸ್‌ನ 23 ಮಿಲಿಮೀಟರಿನ ಸ್ಲಿಮ್‌ಜೆ. ಸಪೂರ, ಮೆದು, ಹೊರಗೋಡೆಗೆ ಒರಗಿ ಹೋಗುವ ತಂತಿಗಳು. ಶ್ರವಣ ಉಳಿದರೆ ಇಎಎಸ್ ಮಾಡಬಹುದು. ಉಳಿಯದಿದ್ದರೆ ಇದನ್ನೇ ಪೂರ್ತಿ ಇಂಪ್ಲಾಂಟ್ ಆಗಿ ಮ್ಯಾಪಿಂಗ್ ಮಾಡಿ, ಅಂದರೆ ಯಾವ ಸ್ವರಕ್ಕೆ ಎಷ್ಟು ಕರೆಂಟ್ ಅಂತ ನಿಮ್ಮ ಕಿವಿಗೆ ಹೊಂದಿಸಿ, ಬಳಸಬಹುದು, ಇನ್ನೊಂದು ಆಪರೇಷನ್ ಬೇಡ. ಉಪಯೋಗಕ್ಕೆ ಬರುವ ಉಳಿದ ಶ್ರವಣ ಇರುವ ದೊಡ್ಡವರಿಗೆ ನಾನು ಡಾಕ್ಟರ ಮುಂದೆ ಮೊದಲು ಎತ್ತುವ ಹೆಸರು ಈ ಗುಂಪಿನದ್ದೇ.

ಒಳಗೋಡೆಗೆ, ಅಂದರೆ ನರದ ಕಡೆಗೆ, ಅಪ್ಪಿಕೊಂಡು ಕೂರುವ ತಂತಿಗಳು ಬೇರೆಯೇ ಬಗೆ. ನರಕ್ಕೆ ಹತ್ತಿರ ಇರುವುದರಿಂದ ಕಡಿಮೆ ಕರೆಂಟ್ ಸಾಕು. ಈ ಬಗೆಯ ಹಳೆಯ, ದಪ್ಪ ತಂತಿಗಳು ಪೊರೆ ಹರಿದು ಮೇಲಿನ ಕಾಲುವೆಗೆ ಹೋಗುವುದು ಹೆಚ್ಚಿತ್ತು. ಈಗಿನ ಕಾಕ್ಲಿಯರ್ ಕಂಪನಿಯ ಸ್ಲಿಮ್ ಮೊಡಿಯೊಲಾರ್ ತುಂಬ ಸಪೂರ, ಶ್ರವಣ ಉಳಿಸುವುದರಲ್ಲೂ ಪರವಾಗಿಲ್ಲ. ಇದರ ತುದಿ ಒಳಗೆ ಮಡಚಿಕೊಳ್ಳುವ ಸಂಭವ ಸ್ವಲ್ಪ ಉಂಟು. ಆಪರೇಷನ್ ಟೇಬಲಿನ ಮೇಲಿರುವಾಗಲೇ ಎಕ್ಸ್‌ರೇ ತೆಗೆದು ನೋಡುತ್ತಾರಾ ಅಂತ ಕೇಳಿಕೊಳ್ಳಿ.

ಎಲ್ಲರ ಕಾಕ್ಲಿಯಾವೂ ಒಂದೇ ಉದ್ದ ಇರುವುದಿಲ್ಲ. ಹಲವು ಮಿಲಿಮೀಟರುಗಳ ವ್ಯತ್ಯಾಸ ಇರುತ್ತದೆ. ಒಬ್ಬರಿಗೆ ಮಧ್ಯಮ ಅನ್ನಿಸುವ ತಂತಿ ಇನ್ನೊಬ್ಬರ ಚಿಕ್ಕ ಸುರುಳಿಯಲ್ಲಿ ಆಳಕ್ಕೆ ಹೋಗಿರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಉದ್ದ ಅಳೆದು ತಂತಿ ಆರಿಸುವ ಕ್ರಮ ಉಂಟು. ಅಳೆಯದೆ ಹೇಳಿದ ಸಲಹೆಗಿಂತ ಅಳೆದು ಹೇಳಿದ ಸಲಹೆ ಮೇಲು.

ಈಗ ಶುರುವಿನ ಎರಡನೇ ಪ್ರಶ್ನೆಗೆ ಬರೋಣ. ಹಳೆಯ ಆಡಿಯೋಗ್ರಾಂಗಳನ್ನೆಲ್ಲ ಹುಡುಕಿ ತೆಗೆಯಿರಿ. ಗೋದ್ರೆಜ್ ಕಪಾಟಿನ ಅಡಿಯಲ್ಲಿ ಎಲ್ಲೋ ಇರುತ್ತವೆ. 250, 500 ಹರ್ಟ್ಸಿನ ಅಂಕಿಗಳನ್ನು ವರ್ಷದ ಪ್ರಕಾರ ಒಂದು ಕಾಗದದಲ್ಲಿ ಬರೆಯಿರಿ. ಐದಾರು ವರ್ಷದಿಂದ ಒಂದೇ ಕಡೆ ನಿಂತಿದ್ದರೆ ಗಿಡ್ಡ ಅಥವಾ ಮಧ್ಯಮ ತಂತಿಯ ಮಾತಾಡಬಹುದು. ವರ್ಷ ವರ್ಷ ಇಳಿಯುತ್ತಿದ್ದರೆ, ಅಥವಾ ಒಮ್ಮೆ ಇಳಿದು ಒಮ್ಮೆ ಏರುತ್ತಿದ್ದರೆ, ಆ ಶ್ರವಣ ಆಪರೇಷನ್ ಇಲ್ಲದೆಯೂ ಹೋಗುವಂಥದ್ದು. ಆಗ ಉದ್ದದ ತಂತಿಯ ಕಡೆ ವಾಲುವುದು ಜಾಣತನ. ಹುಟ್ಟಿನಿಂದಲೇ ಒಳಕಿವಿಯ ನಾಳ ಅಗಲ ಇರುವವರಲ್ಲಿ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಶ್ರವಣ ಇಳಿಯುತ್ತದೆ. ಅವರ ಗೆರೆಯನ್ನು ನಂಬಿ ಗಿಡ್ಡ ತಂತಿ ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಆಪರೇಷನ್ನಿನ ಒಳಗೆ ನಡೆಯುವುದು

ತಂತಿಗಿಂತ ತಂತಿ ಹಿಡಿದ ಕೈ ದೊಡ್ಡದು ಅಂತ ಹಳಬರು ಹೇಳುತ್ತಾರೆ, ನಿಜವೇ. ಜರ್ಮನಿಯ ಲೆಹ್ನ್‌ಹಾರ್ಟ್ 1993ರಲ್ಲಿ ವಿವರಿಸಿದ ಮೆದು ಶಸ್ತ್ರಕ್ರಿಯೆಯ ಕ್ರಮವೇ ಇವತ್ತಿಗೂ ಇದಕ್ಕೆಲ್ಲ ಬುನಾದಿ. ಅದಕ್ಕಿಂತ ಮೊದಲು ಇಂಪ್ಲಾಂಟ್ ಹಾಕಿದ ಕಿವಿಯ ಶ್ರವಣ ಹೋಯಿತೆಂದೇ ಲೆಕ್ಕ ಇಡುತ್ತಿದ್ದರು.

ಒಳಗೆ ಹೋಗುವ ದಾರಿ ಎರಡು. ಕಾಕ್ಲಿಯಾಕ್ಕೆ ಹುಟ್ಟಿನಿಂದಲೇ ಇರುವ ರೌಂಡ್ ವಿಂಡೋ ಅನ್ನುವ ಸಣ್ಣ ಕಿಟಕಿಯ ಪೊರೆ ಬಿಡಿಸಿ ಹೋಗುವುದು ಒಂದು. ಅದರ ಪಕ್ಕದಲ್ಲಿ ಮೂಳೆ ಕೊರೆದು ತೂತು ಮಾಡುವುದು ಇನ್ನೊಂದು. ಕೊರೆಯುವಾಗ ಸದ್ದು, ಕಂಪನ, ಮೂಳೆಪುಡಿ ಎಲ್ಲ ಇರುತ್ತದೆ. ಹಾಗಾಗಿ ಶ್ರವಣ ಉಳಿಸಬೇಕಾದವರಲ್ಲಿ ಈಗ ಹೆಚ್ಚಿನ ಸರ್ಜನ್‌ಗಳು ಕಿಟಕಿಯ ದಾರಿಯನ್ನೇ ಹಿಡಿಯುತ್ತಾರೆ. ಕೆಲವರಲ್ಲಿ ಕಿಟಕಿ ಮರೆಯಲ್ಲಿರುತ್ತದೆ, ಅಂಚನ್ನು ಸ್ವಲ್ಪ ಕೊರೆಯಲೇ ಬೇಕಾಗುತ್ತದೆ. ಅದಕ್ಕೆ ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ.

ತೂರಿಸುವ ವೇಗ ಮುಖ್ಯ. ಮೆಲ್ಲ, ತಡೆಯದೆ, ಒಂದೆರಡು ನಿಮಿಷವೋ ಅದಕ್ಕಿಂತ ಜಾಸ್ತಿಯೋ ತೆಗೆದುಕೊಂಡು. ಒಳಗಿನ ನೀರನ್ನು ಸಕ್ಷನ್ನಿನಲ್ಲಿ ಎಳೆಯಬಾರದು. ಕೈ ನಡುಗದ ಹಾಗೆ ಇನ್ನೂ ನಿಧಾನಕ್ಕೆ ತೂರಿಸಲು ರೋಬೋಟ್ ಸಲಕರಣೆಗಳೂ ಬಂದಿವೆ. ರೋಬೋಟ್ ಇಲ್ಲ ಅಂತ ಒಳ್ಳೆಯ ಸರ್ಜನ್ನನ್ನು ಬಿಟ್ಟು ಹೋಗಬೇಕಾಗಿಲ್ಲ.

ಉರಿಯೂತ ತಗ್ಗಿಸಲು ಸ್ಟಿರಾಯ್ಡ್ ಕೊಡುತ್ತಾರೆ, ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್. ಕೆಲವರು ರಕ್ತನಾಳದಲ್ಲಿ, ಕೆಲವರು ಕಿಟಕಿಯ ಮೇಲೆಯೇ ಹಾಕುತ್ತಾರೆ, ಕೆಲವರು ಎರಡನ್ನೂ ಮಾಡುತ್ತಾರೆ. ಎಷ್ಟು ದಿನ, ಎಷ್ಟು ಡೋಸ್ ಅನ್ನುವುದರಲ್ಲಿ ಎಲ್ಲರದ್ದೂ ಒಂದೇ ಮಾತಿಲ್ಲ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮೊದಲೇ ಹೇಳಬೇಕು. ಸ್ಟಿರಾಯ್ಡ್ ಸಿಕ್ಕಿದರೆ ಶುಗರ್ ಏರುತ್ತದೆ. ನಮ್ಮ ಕರಾವಳಿಯಲ್ಲಿ ಐವತ್ತು ದಾಟಿದವರಲ್ಲಿ ಶುಗರ್ ಇಲ್ಲದ ಮನೆ ಸಿಗುವುದು ಕಷ್ಟ ಮಾರಾಯ್ರೆ.

ನನಗೆ ತುಂಬ ಇಷ್ಟವಾದ ಹೊಸ ವಿಷಯ ಇಲೆಕ್ಟ್ರೋಕಾಕ್ಲಿಯೋಗ್ರಫಿ. ಕಿವಿಗೆ 500 ಹರ್ಟ್ಸಿನಂಥ ದಪ್ಪ ಸ್ವರ ಕೊಡುತ್ತಾ ತಂತಿ ತೂರಿಸುತ್ತಾರೆ. ತಂತಿಯ ತುದಿಯೇ ಕಾಕ್ಲಿಯಾದ ಉತ್ತರವನ್ನು ಹಿಡಿದು ಸ್ಕ್ರೀನಿಗೆ ಕಳಿಸುತ್ತದೆ. ಉತ್ತರ ಒಮ್ಮೆಲೇ ಕುಸಿದರೆ ಸರ್ಜನ್ ಅಲ್ಲೇ ನಿಲ್ಲಿಸಬಹುದು, ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬಹುದು, ಕೋನ ಬದಲಿಸಬಹುದು. ಎಲ್ಲ ಕಂಪನಿಯ ಸಾಧನದಲ್ಲೂ, ಎಲ್ಲ ಆಸ್ಪತ್ರೆಯಲ್ಲೂ ಇದು ಇರುವುದಿಲ್ಲ. ಎರಡು ಆಸ್ಪತ್ರೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಉಳಿದದ್ದೆಲ್ಲ ಸಮ ಇದ್ದರೆ, ನಾನು ಇದು ಇರುವ ಕಡೆಗೆ ಹೋಗಲು ಹೇಳುತ್ತೇನೆ.

ಯಾವ ಕಿವಿಗೆ ಅನ್ನುವುದನ್ನೂ ಇದೇ ಹೊತ್ತಿಗೆ ತೀರ್ಮಾನಿಸಬೇಕು. ಸಾಮಾನ್ಯವಾಗಿ ಹೆಚ್ಚು ಮಂದ ಇರುವ ಕಿವಿಗೆ ಇಂಪ್ಲಾಂಟ್ ಹಾಕಿ ಒಳ್ಳೆಯದನ್ನು ಮಿಷನ್ನಿಗೆ ಬಿಡುತ್ತಾರೆ. ಶ್ರವಣ ಹೋದರೂ ಇನ್ನೊಂದು ಕಿವಿ ಉಂಟು ಅನ್ನುವ ಧೈರ್ಯ. ಮಂದ ಕಿವಿ ಇಪ್ಪತ್ತು ಮೂವತ್ತು ವರ್ಷದಿಂದ ಸದ್ದೇ ಕೇಳಿಲ್ಲ ಅಂತಾದರೆ ಮಾತ್ರ ಈ ಲೆಕ್ಕ ಬದಲಾಗಬಹುದು.

ಆಮೇಲೆ ಕೇಳುವುದು ಹೇಗೆ

ಗಾಯ ಒಣಗಿ ಕೆಲವು ವಾರದ ಮೇಲೆ ಸ್ವಿಚ್ ಆನ್, ಅಂದರೆ ಇಂಪ್ಲಾಂಟ್ ಮೊದಲ ಸಲ ಚಾಲೂ, ಆಗುತ್ತದೆ. ಆಪರೇಷನ್ ಆದ ಹೊಸತರಲ್ಲಿ ಕಿವಿಯ ಪರದೆಯ ಹಿಂದೆ ರಕ್ತ, ನೀರು ಕಟ್ಟಿರುತ್ತದೆ. ಆಗ ಪರೀಕ್ಷೆ ಮಾಡಿದರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸುಮ್ನೆ ಹೆದರಬೇಡಿ, ಅದು ಇಳಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ.

ಹೊರಗಿನ ಸದ್ದು ಹಿಡಿದು ಒಳಗಿನ ಇಂಪ್ಲಾಂಟಿಗೆ ಕಳಿಸುವ ಸಾಧನವೇ ಪ್ರೊಸೆಸರ್. ದಪ್ಪ ಸ್ವರ ಉಳಿದಿದ್ದರೆ ಇಎಎಸ್ ಪ್ರೊಸೆಸರ್. ಕಿವಿಯ ಹಿಂದೆ ಕೂರುವ ಅದೇ ಪ್ರೊಸೆಸರಿನಿಂದ ಒಂದು ಕೊಕ್ಕೆ ಕಿವಿಯೊಳಗಿನ ಮೋಲ್ಡಿಗೆ ಹೋಗುತ್ತದೆ, ಅದು ಮಿಷನ್ನಿನ ಕೆಲಸ ಮಾಡುತ್ತದೆ. ಸಂಗೀತ ಕೇಳುವವರಿಗೆ, ಜನರ ನಡುವೆ ಕೆಲಸ ಮಾಡುವವರಿಗೆ ಇದರ ಸುಖ ಬೇರೆ. ತೊಂದರೆಯೂ ಉಂಟು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗೋಡೆಯೂ ಬೆವರುತ್ತದೆ, ಉಳಿದ ತಿಂಗಳು ನಾವೇ ಬೆವರುತ್ತೇವೆ. ಮೋಲ್ಡಿನ ಕೊಳವೆಯಲ್ಲಿ ನೀರು ನಿಲ್ಲುತ್ತದೆ, ಕಿವಿ ತುರಿಸುತ್ತದೆ. ರಾತ್ರಿ ಡ್ರೈ ಬಾಕ್ಸಿನಲ್ಲಿ ಇಡಲೇಬೇಕು. ಪದೇ ಪದೇ ಕಿವಿ ಸೋರುವವರಿಗೆ ಮೋಲ್ಡ್ ಹೇಳಿಸಿದ್ದಲ್ಲ.

ಇನ್ನೊಂದು ದಾರಿ, ಒಂದು ಕಿವಿಗೆ ಬರೀ ಇಂಪ್ಲಾಂಟ್, ಇನ್ನೊಂದಕ್ಕೆ ಮೊದಲಿದ್ದ ಮಿಷನ್. ಖರ್ಚು ಕಡಿಮೆ. ದಪ್ಪ ಸ್ವರ ಆ ಕಡೆಯಿಂದ, ಚೂಪು ಸ್ವರ ಈ ಕಡೆಯಿಂದ ಬಂದು ಮಿದುಳಿನಲ್ಲಿ ಸೇರುತ್ತವೆ. ಇಂಪ್ಲಾಂಟ್ ಹಾಕಿದ ಕಿವಿಯ ಶ್ರವಣ ಹೋಯಿತು ಅಂತ ಅಳುವವರಿಗೆ ನಾನು ಮೊದಲು ತೋರಿಸುವುದು ಈ ದಾರಿ. ಇನ್ನೊಂದು ಕಿವಿಯಲ್ಲಿ ಒಳ್ಳೆಯ ದಪ್ಪ ಸ್ವರ ಇರುವವರಿಗೆ ಇದರಲ್ಲೇ ಬಹಳಷ್ಟು ಸಿಗುತ್ತದೆ. ಮಿಷನ್ನನ್ನು ಕಪಾಟಿಗೆ ಹಾಕಿಬಿಡುವವರು ತುಂಬ ಜನ. ಅದು ನಷ್ಟ.

ಮಕ್ಕಳ ವಿಷಯ

ಇದು ಬೇರೆಯೇ ಲೆಕ್ಕ. ಹುಟ್ಟಿನಿಂದ ತೀರಾ ಕೇಳದ ಮಗುವಿನಲ್ಲಿ ಉಳಿದ ಶ್ರವಣ ಕಾಪಾಡಲೆಂದು ಆಪರೇಷನ್ ಮುಂದೆ ಹಾಕಬೇಡಿ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಮೆದು ತಂತಿ, ಕಿಟಕಿಯ ದಾರಿ, ಸ್ಟಿರಾಯ್ಡ್ ಎಲ್ಲ ಮಗುವಿಗೂ ಇರಲಿ. ಒಳಕಿವಿ ಕೆಡದೆ ಇದ್ದರೆ ಸಮತೋಲನಕ್ಕೂ ಒಳ್ಳೆಯದು, ಮುಂದೆ ಸಾಧನ ಬದಲಿಸಬೇಕಾಗಿ ಬಂದರೂ ಒಳ್ಳೆಯದು. ಅದು ಎಂಬತ್ತು ವರ್ಷ ಬದುಕಬೇಕಾದ ಕಿವಿ. ನ್ಯುಮೋಕಾಕಲ್ ಲಸಿಕೆ ಆಗಿದೆಯಾ ಅಂತ ಆಪರೇಷನ್ನಿಗೆ ಮೊದಲೇ ನೋಡಿಕೊಳ್ಳಿ. ಇಂಪ್ಲಾಂಟ್ ಇರುವವರಿಗೆ ಮೆದುಳುಪೊರೆ ಜ್ವರದ ಅಪಾಯ ಸ್ವಲ್ಪ ಜಾಸ್ತಿ. ಈ ಲಸಿಕೆ ದೊಡ್ಡವರಿಗೂ ಬೇಕು.

ಬಡ ಕುಟುಂಬದ ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆ ಉಂಟು, ಅದರ ಉಸ್ತುವಾರಿ ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆಯದ್ದು. ಇಂಥ ಯೋಜನೆಗಳಲ್ಲಿ ಮಾಡೆಲ್ ಆರಿಸುವ ಅವಕಾಶ ಅಷ್ಟಾಗಿ ಇರುವುದಿಲ್ಲ. ಹಾಗಂತ ಬೇಸರ ಬೇಡ. ಮೆಲ್ಲ ತೂರಿಸುವುದಕ್ಕೆ ಯಾವ ಮಾಡೆಲಾದರೂ ಒಂದೇ.

ಇಲ್ಲಿಯಾ, ಬೆಂಗಳೂರಾ

ಮಣಿಪಾಲ, ಕಂಕನಾಡಿ, ದೇರಳಕಟ್ಟೆ ಅಂತ ಒಂದೆರಡು ಗಂಟೆಯ ದಾರಿಯಲ್ಲಿ ಇಷ್ಟು ಮೆಡಿಕಲ್ ಕಾಲೇಜುಗಳು ಇರುವ ಜಾಗ ನಮ್ಮದು. ಮಾತು ಮತ್ತು ಶ್ರವಣದ ಕೋರ್ಸ್ ನಡೆಸುವ ಕಾಲೇಜುಗಳೂ ಇಲ್ಲಿವೆ. ಮ್ಯಾಪಿಂಗ್, ಥೆರಪಿ ಮಾಡಬಲ್ಲವರು ಹತ್ತಿರದಲ್ಲೇ ಸಿಗುತ್ತಾರೆ. ಆಪರೇಷನ್ ಒಂದು ದಿನದ್ದು, ಮ್ಯಾಪಿಂಗ್ ವರ್ಷಗಳದ್ದು. ಬೆಂಗಳೂರಿನಲ್ಲಿ ಮಾಡಿಸಿ, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಅಂತ ಮ್ಯಾಪಿಂಗ್ ತಪ್ಪಿಸುವುದಕ್ಕಿಂತ, ಇಲ್ಲೇ ಅನುಭವ ಇರುವವರ ಹತ್ತಿರ ಮಾಡಿಸುವುದು ನನ್ನ ಮನಸ್ಸಿಗೆ ಹತ್ತಿರ. ಇಎಎಸ್‌ನಲ್ಲಿ ಇದು ಇನ್ನೂ ಹೆಚ್ಚು. ಉಳಿದ ಶ್ರವಣ ಸ್ವಲ್ಪ ಇಳಿದರೂ, ಎಲ್ಲಿಯ ತನಕ ಸಾದಾ ಶಬ್ದ, ಎಲ್ಲಿಂದ ವಿದ್ಯುತ್ತು ಅನ್ನುವ ಗಡಿಯನ್ನು ಮತ್ತೆ ಹೊಂದಿಸಬೇಕು. ದೂರದಲ್ಲಿದ್ದರೆ ಅದು ತಡವಾಗುತ್ತದೆ. ಒಳಕಿವಿಯ ರಚನೆಯೇ ಬೇರೆ ಥರ ಇದ್ದರೆ, ಅಥವಾ ಇಲ್ಲಿನ ಸರ್ಜನ್ನೇ ಕಳಿಸಿದರೆ, ದೂರ ಹೋಗಲೇಬೇಕು.

ಯಾರಲ್ಲಿಗೆ ಹೋದರೂ ಈ ಮಾತುಗಳನ್ನು ಬಾಯಿಬಿಟ್ಟು ಕೇಳಿ. ಉಳಿದ ಶ್ರವಣ ಇರುವ ಎಷ್ಟು ಜನರಿಗೆ ನೀವು ಮಾಡಿದ್ದೀರಿ? ಒಂದು ವರ್ಷದ ಮೇಲೆ ಅವರಲ್ಲಿ ಎಷ್ಟು ಜನರಿಗೆ ಅದು ಉಪಯೋಗಕ್ಕೆ ಬರುತ್ತಿದೆ? ನನಗೆ ಈ ತಂತಿ ಯಾಕೆ, ಪಕ್ಕದ್ದು ಯಾಕೆ ಬೇಡ? ಶ್ರವಣ ಹೋದರೆ ಇದೇ ತಂತಿಯಲ್ಲಿ ಮುಂದುವರಿಯಬಹುದಾ? ಪ್ರೊಸೆಸರಿಗೆ ಇಎಎಸ್‌ನ ಭಾಗ ಆಮೇಲೆ ಸೇರಿಸಬಹುದಾ, ಅದಕ್ಕೆ ಬೇರೆ ದುಡ್ಡಾ? ಕಿರಿಕಿರಿ ಮಾಡಿಕೊಳ್ಳದೆ ಉತ್ತರ ಕೊಡುವ ಡಾಕ್ಟರು ಸಿಕ್ಕಿದರೆ ಅರ್ಧ ಕೆಲಸ ಆಯಿತು.

ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟಿನ ಮಾಡೆಲ್, ತಂತಿಯ ಹೆಸರು, ಎಷ್ಟು ಮಿಲಿಮೀಟರ್ ಒಳಗೆ ಹೋಗಿದೆ, ಯಾವ ದಾರಿಯಲ್ಲಿ ಹೋಗಿದೆ ಅನ್ನುವುದನ್ನು ಬರೆಸಿಕೊಳ್ಳಿ. ಮುಂದೆ ಎಂಆರ್‌ಐ ಮಾಡಿಸಬೇಕಾಗಿ ಬಂದಾಗ ಮೊದಲು ಕೇಳುವುದು ಮಾಡೆಲನ್ನೇ. ಇಂಪ್ಲಾಂಟ್ ಹಾಕಿದ ಕಿವಿಯ ಆಡಿಯೋಗ್ರಾಂ ಸ್ವಿಚ್ ಆನ್ ದಿನ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಮಾಡಿಸಿ. ಆ ಕಿವಿಗೆ ಪ್ರೊಸೆಸರ್ ಬಂತಲ್ಲ, ಇನ್ನು ಯಾಕೆ ಪರೀಕ್ಷೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ನಡುವೆ ಒಮ್ಮೆಲೇ ದಪ್ಪ ಸ್ವರ ಇಳಿದ ಹಾಗೆ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಅದೇ ವಾರ ಹೋಗಿ. ಬೇಗ ಹೋದವರಿಗೆ ಸ್ಟಿರಾಯ್ಡ್ ಕೊಟ್ಟು ನೋಡಲು ಡಾಕ್ಟರಿಗೆ ಅವಕಾಶ ಇರುತ್ತದೆ.